ಬಸ್ಸಿಗೆ ಏನೂ ಆಗಿರಲಿಲ್ಲ

ಆ ದಿನ ಬಸ್ಸಿಗೆ ಏನೂ ಆಗಿರಲಿಲ್ಲ, ನರ್ಸಮ್ಮಾರೆ. ಗ್ಯಾಸು ಚೆನ್ನಾಗಿ ಕಟ್ಟಿತ್ತು. ಹ್ಯಾಂಡಲ್ ಹಾಕಿ ಒಂದು ಸುತ್ತು ತಿರುಗಿಸಿದ್ದರೆ ಇಂಜಿನ್ನು ಏಳುತ್ತಿತ್ತು. "ಗ್ಯಾಸು ಕಟ್ಟಿಲ್ಲ, ಕಾಯಬೇಕು" ಎಂದು ನಿಮಗೆ ನಾನು ಹೇಳಿದ್ದು ಸುಳ್ಳು. ಬಾಯಿ ತಪ್ಪಿ ಬಂದದ್ದಲ್ಲ, ಬೇಕೆಂದೇ ಹೇಳಿದ್ದು. ನೀವು ಗೋವಿನಕೋವಿಗೆ ತಡವಾಗಿ ಹೋಗಬೇಕು, ಊರಿನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು, ಅದನ್ನು ನಾನು ಕಣ್ಣಾರೆ ನೋಡಬೇಕು — ಮನಸ್ಸಿನಲ್ಲಿ ಇದ್ದದ್ದು ಇದಿಷ್ಟೇ. ಅಲ್ಲಿ ಹೆರಿಗೆ ನೋವು ತಿನ್ನುತ್ತ ಮಲಗಿದ್ದ ಸಾಕಮ್ಮ ಎಂಬ ಹೆಣ್ಣುಮಗಳು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನಿಮ್ಮನ್ನು ಹೊಡೆಯಲು ಎತ್ತಿದ ಕೋಲು ಅವಳಿಗೆ ತಗಲಿತು. ಅವಳು ಸತ್ತಳು.

ನೀವು ಈಗ ಎಲ್ಲಿದ್ದೀರೋ ಗೊತ್ತಿಲ್ಲ. ವರ್ಗ ಮಾಡಿದರು ಎಂದು ಕೇಳಿದೆ. ಕೆಲಸ ಬಿಟ್ಟು ಮೈಸೂರು ಕಡೆಯ ತಮ್ಮನ ಮನೆಗೆ ಹೋದರು ಎಂದೂ ಕೇಳಿದೆ. ಅದಕ್ಕೇ ಹೀಗೆ ಅಚ್ಚಿಗೆ ಕೊಟ್ಟು, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ಡಿಸ್ಪೆನ್ಸರಿ ಇದ್ದ ಊರಿನ ಹೆಸರನ್ನು ಮಾತ್ರ ಬರೆಯುವುದಿಲ್ಲ. ಈಗ ಅಲ್ಲಿರುವವರು ಬೇರೆ, ಅವರಿಗೆ ಇದರ ಮಸಿ ಬೇಡ.

ನಾನು ಓದಿದವನಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೆ, ಅಪ್ಪ ತೀರಿಕೊಂಡಿದ್ದ. ಮೊದಲು ಲಾರಿ ಕ್ಲೀನರು, ಆಮೇಲೆ ಬಸ್ಸಿನ ಕ್ಲೀನರು, ಆಮೇಲೆ ಸ್ಟೀರಿಂಗು. ಯಾರ ಕಾಲೂ ಹಿಡಿದು ಮೇಲೆ ಬಂದವನಲ್ಲ. ಚನ್ನಗಿರಿಯಿಂದ ಹೊನ್ನಾಳಿ, ಅಲ್ಲಿಂದ ನ್ಯಾಮತಿ — ಆ ದಾರಿಯ ಒಂದೊಂದು ಗುಂಡಿಯೂ ನನಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯ. ಯುದ್ಧ ಬಂದು ಪೆಟ್ರೋಲು ಸಿಗದಂತಾಗಿ ಬಸ್ಸುಗಳ ಬೆನ್ನಿಗೆ ಇದ್ದಿಲು ಉರಿಸಿ ಗ್ಯಾಸು ಮಾಡುವ ಪ್ಲಾಂಟು ಕಟ್ಟಿದಾಗ, ಎಷ್ಟೋ ಡ್ರೈವರುಗಳು ಕೈ ಚೆಲ್ಲಿದರು. ನಾನು ಚೆಲ್ಲಲಿಲ್ಲ. ಹೊಗೆಯ ವಾಸನೆಯಲ್ಲೇ ಇದ್ದಿಲು ಹಸಿಯೋ ಒಣಗಿದ್ದೋ ಹೇಳುತ್ತಿದ್ದೆ. ಕೈ ಬೊಬ್ಬೆ ಬರುವ ತನಕ ಗಾಳಿ ಊದುವ ಬ್ಲೋಯರ್ ತಿರುಗಿಸಿ, ಪೈಪಿನ ಬಾಯಿಗೆ ಕಡ್ಡಿ ಗೀರಿ ಹಿಡಿದರೆ — ಉರಿ ನೀಲಿಯಾಗಿ, ನಿಂತ ಕಡೆಯೇ ನಿಂತು ಉರಿದರೆ ಗ್ಯಾಸು ಕಟ್ಟಿದೆ ಎಂದು ಅರ್ಥ. ಕೆಂಪಾಗಿ ಕುಣಿದರೆ ಇನ್ನೂ ಕಾಯಬೇಕು. ಇಷ್ಟೇ ವಿದ್ಯೆ. ಆದರೆ ಬಸ್ಸಿನಲ್ಲಿ ಕೂತ ಸಾಹುಕಾರನಿಂದ ಹಿಡಿದು ಅಮಲ್ದಾರನವರೆಗೆ ಯಾರಿಗೂ ಅದು ಗೊತ್ತಿರಲಿಲ್ಲ. ಈ ರುದ್ರಪ್ಪ ಹೊರಡಿಸಿದರೆ ಹೊರಡಬೇಕು, ಕಾಯಿರಿ ಅಂದರೆ ಕಾಯಬೇಕು. ಆ ಅಧಿಕಾರ ನನಗೆ ಬಹಳ ರುಚಿಯಾಗಿತ್ತು.

ನಿಮ್ಮ ಮೇಲೆ ನನಗೇನು ಹಗೆ? ನಿಮಗೆ ಗೊತ್ತೇ ಇಲ್ಲ. ಗೊತ್ತಿರಲಿಲ್ಲ ಎಂಬುದೇ ನನ್ನ ಸಿಟ್ಟನ್ನು ಇಮ್ಮಡಿ ಮಾಡಿದ್ದು. ಒಬ್ಬಳನ್ನು ಹಾಗೆ ಮಾಡಿ ಕಳಿಸಿ, ನಿಮಗೆ ಅವಳ ಮುಖ ಸಹ ನೆನಪಿರಲಿಲ್ಲ.

ಯುದ್ಧಕ್ಕೆ ಮುಂಚಿನ ಮಾತು. ನನ್ನ ಹೆಂಡತಿ ಗೌರಮ್ಮ ಜಗಳೂರು ಕಡೆಯವಳು. ತಾಯಿ ಇಲ್ಲದ ತವರು, ಹಾಗಾಗಿ ಚೊಚ್ಚಲ ಹೆರಿಗೆಗೆ ಅಲ್ಲಿಗೆ ಕಳಿಸುವ ಮಾತೇ ಬರಲಿಲ್ಲ. ತುಂಬಿದ ಬಸುರಿ. ಕಾಲು ಬಾತು ಕಾಲುಂಗುರ ಬೆರಳಿನಲ್ಲಿ ಹೂತು ಹೋಗಿತ್ತು. ತಲೆನೋವು ಅನ್ನುತ್ತಿದ್ದಳು, ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗೆ ಆಗ್ತೈತೆ ಅನ್ನುತ್ತಿದ್ದಳು. ನಮ್ಮವ್ವ "ಬಸುರಿಗೆ ಕಾಲು ಬಾಯೋದು ಇದ್ದದ್ದೇ, ಉಪ್ಪು ಬಿಡು" ಅಂದಳು. ನಾನೇ ಹೇಳಿದೆ — ಡಿಸ್ಪೆನ್ಸರಿಗೆ ಹೋಗು, ಹೊಸದಾಗಿ ಹೆರಿಗೆ ನರ್ಸು ಬಂದಾರಂತೆ, ಬಸುರಿಯರನ್ನ ನೋಡ್ತಾರಂತೆ. ಅವಳು ಅಲ್ಲಿಯವರೆಗೆ ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಒಗೆದ ಸೀರೆ ಉಟ್ಟು, ಸೆರಗು ತಲೆ ಮೇಲೆ ಹೊದ್ದು ಹೋದಳು.

ನೀವು ಮೇಜಿನ ಹಿಂದೆ ಕೂತು ಅವಳ ಹೆಸರು ಕೇಳಿದಿರಿ. ಹೇಳಿದಳು. ಗಂಡನ ಹೆಸರು ಕೇಳಿದಿರಿ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂಬುದು ನಿಮಗೆ ಗೊತ್ತಿರಲಿಲ್ಲವೇ, ಅಮ್ಮಾರೆ? ಮದುವೆ ದಿನ ಒಡಪಿನಲ್ಲಿ ಸುತ್ತಿ ಒಂದು ಸಲ ಹೇಳಿದರೆ ಆಯಿತು. ಆಮೇಲೆ ಆ ಹೆಸರನ್ನು ಬಾಯಿ ಮೇಲೆ ತಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ಅಜ್ಜಿ ಹೇಳಿಕೊಟ್ಟಿದ್ದಳು. ಸರಿಯೋ ತಪ್ಪೋ, ಅವಳು ನಂಬಿದ್ದಳು. ಪಕ್ಕದಲ್ಲಿ ನಮ್ಮ ಕೇರಿಯವರು ಯಾರಾದರೂ ಇದ್ದಿದ್ದರೆ ಅವರ ಬಾಯಿಂದ ಹೇಳಿಸುತ್ತಿದ್ದಳು. ಯಾರೂ ಇರಲಿಲ್ಲ. ತಲೆ ತಗ್ಗಿಸಿ ಸುಮ್ಮನೆ ನಿಂತಳು. ನೀವು ಮತ್ತೆ ಕೇಳಿದಿರಿ. ಅವಳು ನಿಂತೇ ಇದ್ದಳು. ಆಗ, ಅಲ್ಲಿ ಕೂತಿದ್ದ ಗಂಡಸರು ಹೆಂಗಸರು ಎಲ್ಲರೂ ಕೇಳುವ ಹಾಗೆ, ನೀವು ಅಂದಿರಿ:

"ಗಂಡನ ಹೆಸರು ಹೇಳೋಕೆ ನಾಚಿಕೆ ಆಗುತ್ತೆ ಇವಳಿಗೆ. ಬಸುರಾಗೋಕೆ ನಾಚಿಕೆ ಆಗಲಿಲ್ಲ!"

ಕಂಪೌಂಡರು ನಕ್ಕನಂತೆ. ಕೂತವರೂ ನಕ್ಕರಂತೆ. "ಹೆಸರು ನೆನಪಾದ ಮೇಲೆ ಬಾ" ಎಂದು ಮುಂದಿನವಳನ್ನು ಕರೆದಿರಿ. ಅವಳ ಕಾಲಿನ ಬಾವು ನೀವು ನೋಡಲೇ ಇಲ್ಲ. ತಲೆನೋವಿನ ಮಾತು ಅವಳು ಬಾಯಿ ಬಿಡಲೇ ಇಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲೇ ನಿಮ್ಮ ಮುಖಕ್ಕೆ ಹೇಳಿದ್ದೇನೆ. ಸ್ಟೀರಿಂಗು ಹಿಡಿದು, ಹಲ್ಲು ಕಡಿದು, ಮೈಲಿಗಟ್ಟಲೆ. ಆದರೆ ಇದರ ಮುಂದಿನ ಮಾತನ್ನು ಮಾತ್ರ ಒಂದು ಸಲವೂ ಹೇಳಿಕೊಂಡಿರಲಿಲ್ಲ. ಇವತ್ತು ಹೇಳಬೇಕು.

ಅವಳು ಮನೆಗೆ ಬಂದು ಅಡುಗೆಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತು ಎಲ್ಲ ಹೇಳಿದಳು. ಕೊನೆಗೆ ಅಂದಳು, "ನೀವೊಂದು ಸಲ ಬರ್ರಿ. ಬಾಗಿಲಲ್ಲಿ ನಿಂತು ಹೆಸರು ಹೇಳಿ ಹೋಗ್ರಿ. ಸಾಕು. ಆಮ್ಯಾಲೆ ನಾನೊಬ್ಳೇ ಇರ್ತೀನಿ."

ನಾನು ಏನು ಮಾಡಿದೆ? ಮೊದಲು — ನಾಚಿಕೆಯಾಗುತ್ತದೆ ಬರೆಯಲು — ನನಗೆ ಹೆಮ್ಮೆಯಾಯಿತು. ಅಷ್ಟು ಜನರ ಮುಂದೆ ಅನ್ನಿಸಿಕೊಂಡರೂ ನನ್ನ ಹೆಸರು ಬಾಯಿ ಬಿಡಲಿಲ್ಲವಲ್ಲ ನನ್ನ ಹೆಂಡತಿ! "ಹೆಂಗಸು ಅಂದ್ರೆ ಹಿಂಗಿರಬೇಕು" ಎಂದು ನಮ್ಮವ್ವನ ಮುಂದೆ ಹೇಳಿದೆ. ಆಮೇಲೆ ಸಿಟ್ಟು ಬಂತು. "ನನ್ನ ಹೆಂಡ್ತಿನ ನೋಡಿ ನಕ್ಕವಳ ಬಾಗಿಲಿಗೆ ನಾನು ಹೋಗಿ ನಿಲ್ಲಬೇಕಾ? ಹೆಂಗಸರ ಬಾಗಿಲಲ್ಲಿ ಗಂಡಸಿಗೇನು ಕೆಲಸ? ನನಗೂ ಒಂದು ಮಾನ ಐತೆ" ಅಂದೆ. ಅವಳು ಮತ್ತೆ ಕೇಳಲಿಲ್ಲ. ಬಸ್ಸು ದಿನಾ ನಿಮ್ಮ ಡಿಸ್ಪೆನ್ಸರಿಯ ಎದುರಿಗೇ ನಿಲ್ಲುತ್ತಿತ್ತು. ಇದ್ದ ಜಾಗದಿಂದ ರಸ್ತೆ ದಾಟಿದರೆ ನಿಮ್ಮ ಮೇಜು. ನಾನು ದಾಟಲಿಲ್ಲ.

ನೋವು ಬಂದಾಗ ಅವಳು ಅಂದದ್ದು ಒಂದೇ ಮಾತು, "ಅಲ್ಲಿಗೆ ಮಾತ್ರ ಬ್ಯಾಡ." ನಾನೂ ಒತ್ತಾಯ ಮಾಡಲಿಲ್ಲ. ಕೈಕಾಲು ಸೆಟೆದು ಕಣ್ಣು ಮೇಲೆ ಹೋದಾಗ ನಮ್ಮವ್ವ ಗಾಳಿ ಅಂದಳು, ಬೇವಿನಸೊಪ್ಪು ತಂದಳು. ಸಂಜೆಗೆ ಮಗು ಹೋಯಿತು, ಆಮೇಲೆ ಅವಳು ಹೋದಳು.

ಮಣ್ಣು ಮಾಡಿ ಬಂದು ಸ್ನಾನ ಮಾಡುವಾಗ ತಲೆ ಮೇಲೆ ನೀರು ಸುರಿದುಕೊಳ್ಳುತ್ತ ನಾನು ಆಣೆ ಮಾಡಿದೆ. ಆ ಹೆಂಗಸಿಗೆ ಒಂದು ದಿನ ತೋರಿಸುತ್ತೇನೆ.

ಅವತ್ತಿನಿಂದ ನಿಮ್ಮನ್ನು ನೋಡುವುದೇ ನನಗೊಂದು ಕೆಲಸವಾಯಿತು. ಬಿಳಿ ಸೀರೆ, ಕೈಯಲ್ಲಿ ಕಪ್ಪು ಚರ್ಮದ ಚೀಲ, ಬಿಸಿಲಿರಲಿ ಬಿಡಲಿ ಒಂದು ಛತ್ರಿ. ನೀವು ಎಷ್ಟೋ ಸಲ ನನ್ನ ಬಸ್ಸಿನಲ್ಲೇ ಕೂತಿದ್ದೀರಿ. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ವರ್ಷ ಕಳೆದ ಹಾಗೆ ನಿಮ್ಮ ದನಿ ತಗ್ಗಿತು, ಹೆಂಗಸರು ನಿಮ್ಮ ಪಕ್ಕಕ್ಕೆ ಬಂದು ಕೂತು ಕಿವಿಯಲ್ಲಿ ಏನೇನೋ ಕೇಳುವುದು, ನೀವು ತಲೆಯಾಡಿಸುವುದು — ಎಲ್ಲ ಕಾಣುತ್ತಿತ್ತು. ನಿಮ್ಮಲ್ಲಿ ಏನು ಬದಲಾಯಿತೋ, ಯಾಕೆ ಬದಲಾಯಿತೋ ನನಗೆ ಗೊತ್ತಿಲ್ಲ. ನನ್ನ ಮನೆ ಹಾಳಾದ ಮೇಲೆ ನೀವು ಒಳ್ಳೆಯವರಾದರೆ ನನಗೇನು ಬಂತು ಎಂದು ಇನ್ನಷ್ಟು ಉರಿಯುತ್ತಿದ್ದೆ.

ಆಮೇಲೆ ಆ ದಿನ ಬಂತು. ಸುಗ್ಗಿಯ ಕಾಲ, ಬಿಸಿಲು ಏರುವ ಹೊತ್ತು. ನಿಮ್ಮೂರಿನಲ್ಲಿ ಬಸ್ಸು ನಿಲ್ಲಿಸಿ ಇದ್ದಿಲು ತುಂಬಿ, ಬೂದಿ ಕೊಡವಿ, ಬ್ಲೋಯರ್ ತಿರುಗಿಸುತ್ತಿದ್ದೆ. ಹೊಳೆದಂಡೆಯ ಕಾಲುದಾರಿಯಿಂದ ಒಬ್ಬ ಓಡಿಬಂದ. ಗೋವಿನಕೋವಿಯ ಹನುಮಂತಪ್ಪ, ಸಾಕಮ್ಮನ ಗಂಡ. ಮೈಯೆಲ್ಲ ಬೆವರು, ಕಾಲು ಮೊಣಕಾಲವರೆಗೆ ಕೆಸರು. ನೀವು ಬಾಗಿಲಿಗೆ ಬಂದಿರಿ.

"ಅಮ್ಮಾರೆ, ನಿನ್ನೆಯಿಂದ ನೋವು ತಿಂತಾ ಅವ್ಳೆ. ಸೂಲಗಿತ್ತಿ ಅಜ್ಜಿ ತನ್ನ ಕೈಲಿ ಆಗಲ್ಲ ಅಂತಾಳೆ. ಜಲ್ದಿ ಬರ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗೆ ಬೀಳೋದು ಆಮೇಲೆ. ಗಾಡಿ ತಂದಿದ್ದೀಯೇನಪ್ಪ?"

"ಎಲ್ಲಿ ಗಾಡಿ? ಊರಾಗಿನ ಗಾಡಿ ಎಲ್ಲಾ ಸರ್ಕಾರದೋರು ಲೆವಿ ಭತ್ತ ಹೇರಾಕೆ ಹಿಡ್ಕೊಂಡು ಹೋಗ್ಯಾರೆ."

ನೀವು ನನ್ನ ಬಸ್ಸಿನ ಕಡೆ ನೋಡಿದಿರಿ. "ಬಸ್ಸು ಇದೆಯಲ್ಲ. ನಾನು ಇದರಲ್ಲೇ ಬರ್ತೀನಿ. ನೀನು ಮುಂದೆ ಓಡು. ನೀರು ಕಾಯಿಸಿ ಇಡು ಅಂತ ಹೇಳು. ಆಮೇಲೆ ಹೆಂಡತಿ ಪಕ್ಕ ಕೂತು ಕೈ ಹಿಡ್ಕೊ. ನಾಚ್ಕೋಬೇಡ, ಯಾರು ಏನಂದರೂ ಏಳಬೇಡ. ನರ್ಸಮ್ಮ ಹೊರಟಿದ್ದಾರೆ ಅಂತ ಅವಳ ಕಿವಿಯಲ್ಲಿ ಹೇಳ್ತಾ ಇರು. ಆ ಧೈರ್ಯ ಬೇಕು ಅವಳಿಗೆ."

ಅವನು ಕಣ್ಣೊರೆಸಿಕೊಂಡು ಬಂದ ದಾರಿಯಲ್ಲೇ ಓಡಿದ.

ನನ್ನ ಕೈ ಬ್ಲೋಯರಿನ ಹಿಡಿಯ ಮೇಲೆ ಹಾಗೇ ನಿಂತಿತು. ನಿಮ್ಮ ಆ ಒಳ್ಳೆಯ ಮಾತೇ ನನ್ನನ್ನು ಹುಚ್ಚನನ್ನಾಗಿ ಮಾಡಿತು, ಅಮ್ಮಾರೆ. ನೀವು ಅವನನ್ನು ಗದರಿಸಿದ್ದರೆ ಬಹುಶಃ ನಾನು ಬಸ್ಸು ಹೊರಡಿಸಿಬಿಡುತ್ತಿದ್ದೆ. ಕೈ ಹಿಡ್ಕೊ ಅಂದಿರಲ್ಲ — ಅವನ ಹೆಂಡತಿಗೆ ಧೈರ್ಯ ಬೇಕು, ನನ್ನವಳಿಗೆ ಬೇಕಿರಲಿಲ್ಲವೇ? ಈ ಮಾತು ನಿಮ್ಮ ಬಾಯಲ್ಲಿ ಇತ್ತು, ಹಾಗಾದರೆ ಅವತ್ತು ಯಾಕೆ —

ಕಡ್ಡಿ ಗೀರಿ ಪೈಪಿಗೆ ಹಿಡಿದೆ. ಉರಿ ನೀಲಿಯಾಗಿ ನಿಂತಿತು. ಊದಿ ಆರಿಸಿದೆ. ನೀವು ಚೀಲ ಛತ್ರಿ ಹಿಡಿದು ಬಂದಿರಿ.

"ಡ್ರೈವರೆ, ಈಗಲೇ ಹೊರಡುತ್ತಲ್ಲ?"

"ಗ್ಯಾಸು ಕಟ್ಟಿಲ್ಲ ಅಮ್ಮಾರೆ. ಕಾಯಬೇಕು."

ನೀವು ಕೂತಿರಿ. ನಾನು ಫಿಲ್ಟರಿನ ಮುಚ್ಚಳ ಬಿಚ್ಚಿ, ತೆಂಗಿನ ನಾರು ಹೊರಗೆಳೆದು, ಕೊಡವಿದ್ದನ್ನೇ ಕೊಡವಿದೆ. ಬಸ್ಸಿನೊಳಗಿಂದ ಒಬ್ಬ ಮುದುಕ, "ಇದು ಬಸ್ಸಲ್ಲ ಕಣ್ರಪ್ಪ, ಬೆನ್ನಿಗೆ ಒಲೆ ಕಟ್ಕೊಂಡ ಎಮ್ಮೆ. ನಡೆದಿದ್ರೆ ಇಷ್ಟೊತ್ತಿಗೆ ನ್ಯಾಮ್ತಿ ಮುಟ್ಟಿ ಉಂಡು ಮಲಗ್ತಿದ್ದೆ" ಅಂದ. ಎಲ್ಲರೂ ನಕ್ಕರು. ನೀವು ನಗಲಿಲ್ಲ. ನಿಮ್ಮ ಬೆರಳು ಚೀಲದ ಬಕಲನ್ನು ತೆಗೆಯುವುದು ಹಾಕುವುದು ಮಾಡುತ್ತಿತ್ತು.

ಕಂಡಕ್ಟರ್ ದಸ್ತಗೀರ್ ಸಾಬರು ಹಿಂದಕ್ಕೆ ಬಂದರು. ನನಗಿಂತ ಹಿರಿಯರು, ಪ್ಲಾಂಟಿನ ಕೆಲಸ ನೋಡಿ ನೋಡಿ ಬಲ್ಲವರು. "ಏನೋ ರುದ್ರಪ್ಪ, ಉರಿ ನೀಲಿ ಬಂತಲ್ಲೋ. ಇನ್ನೇನು, ಬಾಸಿಂಗ ಕಟ್ಟಿ ಓಲಗ ಊದಿಸಬೇಕಾ ನಿನ್ನ ಗಾಡಿಗೆ?"

"ಟಿಕೀಟು ನಿಮ್ಮದು, ಪ್ಲಾಂಟು ನಂದು. ನಿಮ್ಮ ಕೆಲಸ ನೋಡ್ಕೊಳ್ರಿ."

ಅವರು ನನ್ನ ಮುಖ ನೋಡಿದರು. ಅಲ್ಲಿ ಏನು ಕಂಡಿತೋ, ಮುಂದಕ್ಕೆ ಹೋದರು. ಈಗ ಅವರಿಲ್ಲ. ಬದುಕಿದ್ದಷ್ಟು ದಿನವೂ ಆ ಮಾತು ಮತ್ತೆ ಎತ್ತಲಿಲ್ಲ, ಆದರೆ ನನ್ನ ಬುತ್ತಿಗೆ ಕೈ ಹಾಕುವುದನ್ನು ಬಿಟ್ಟರು.

ನೀವು ಬಂದು ಕೇಳಿದಿರಿ, ಮತ್ತೆ ಬಂದು ಕೇಳಿದಿರಿ. ನಾನು ಅದೇ ಹೇಳಿದೆ. ಕೊನೆಗೆ "ನಡೆದೇ ಹೋಗ್ತೀನಿ, ಹಿಂದಿನಿಂದ ಬಂದರೆ ಹತ್ತಿಸ್ಕೊಳ್ಳಿ" ಎಂದು ಇಳಿದು ಹೊರಟಿರಿ. ನಿಮಗೆ ಆಗಲೇ ವಯಸ್ಸಾಗಿತ್ತು. ಚೀಲ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ, ಓಡುವುದೂ ಅಲ್ಲದ ನಡೆಯುವುದೂ ಅಲ್ಲದ ಹೆಜ್ಜೆ. ನೀವು ರಸ್ತೆಯ ತಿರುವಿನಲ್ಲಿ ಕಾಣದಾಗುವ ತನಕ ನೋಡಿದೆ. ಆಮೇಲೂ ಹೊರಡಲಿಲ್ಲ. ಒಂದು ಬೀಡಿ ಸೇದಿದೆ. ಅಷ್ಟಾದ ಮೇಲೆ ಇಂಜಿನ್ನು ಎಬ್ಬಿಸಿದೆ. ಮೊದಲನೇ ಸುತ್ತಿಗೇ ಎದ್ದಿತು.

ದಾರಿಯಲ್ಲಿ ನಿಮ್ಮನ್ನು ಹತ್ತಿಸಿಕೊಂಡಾಗ ನೀವು ಉಸಿರು ಕಟ್ಟಿ ಹೇಳಿದ್ದು ನನ್ನ ಕಿವಿಯಲ್ಲಿದೆ: "ಬದುಕಿಸಿದಿರಿ ಡ್ರೈವರೆ. ದೇವರು ನಿಮ್ಮ ಹೆಂಡತಿ ಮಕ್ಕಳನ್ನ ಚೆನ್ನಾಗಿಟ್ಟಿರಲಿ."

ಗೋವಿನಕೋವಿಯ ಹತ್ತಿರ ಬಸ್ಸು ರಸ್ತೆಯಲ್ಲೇ ನಿಲ್ಲಿಸಿ, ಚೀಲ ಹೊರುವ ನೆಪ ಮಾಡಿ ನಿಮ್ಮ ಹಿಂದೆ ಬಂದೆ. ಸಹಾಯಕ್ಕಲ್ಲ, ನೋಡಲು. ಮನೆಯ ಮುಂದೆ ಹೆಂಗಸರು ಸೇರಿದ್ದರು. ಒಳಗೆ ಕೂಸು ಅಳುತ್ತಿತ್ತು, ಹೆಣ್ಣುಕೂಸು. ಸೂಲಗಿತ್ತಿ ಅಜ್ಜಿ ನಿಮ್ಮನ್ನು ನೋಡಿದವಳೇ, "ಬರ್ರವ್ವ, ಬರ್ರಿ, ಮಗು ಬಿದ್ದು ಆಗ್ಲೇ ಬಾಳ ಹೊತ್ತಾತು. ರಕ್ತ ನಿಲ್ಲವಲ್ದು" ಎಂದು ಕೂಗಿದಳು. ನೀವು ಚಪ್ಪಲಿ ಸಹ ಬಿಡದೆ ಒಳಗೆ ನುಗ್ಗಿದಿರಿ. ಒಳಗಿಂದ ನಿಮ್ಮ ದನಿ ಕೇಳುತ್ತಿತ್ತು — "ಸಾಕಮ್ಮ, ಕಣ್ಣು ಬಿಡು. ನನ್ನ ನೋಡು ತಾಯಿ. ಸಾಕಮ್ಮ." ಅದು ಎಷ್ಟು ಹೊತ್ತು ಕೇಳಿತೋ. ಆಮೇಲೆ ನಿಂತಿತು.

ನೀವು ಹೊರಗೆ ಬಂದಾಗ ಕೈ ಮೊಣಕೈವರೆಗೆ ಕೆಂಪಾಗಿತ್ತು. "ಸ್ವಲ್ಪ ಮುಂಚೆ ಬಂದಿದ್ದರೆ..." ಅಂದಿರಿ. ಮುಗಿಸಲಿಲ್ಲ. ಮುಗಿಸುವುದಕ್ಕೆ ಹನುಮಂತಪ್ಪ ಬಿಡಲಿಲ್ಲ.

"ಎಲ್ಲೋಗಿದ್ರಿ? ಬಸ್ಸಿಗೆ ಬರ್ತೀನಿ ಅಂದ್ರಲ್ಲ, ಎಲ್ಲೋಗಿದ್ರಿ? ಬರ್ತಾರೆ ಬರ್ತಾರೆ ಅಂತ ಅವಳ ಕಿವಿಯಾಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತಲ್ರಿ! ಕೊನೆಗೆ ಅವಳೇ ಅಂದ್ಲು, ಸುಳ್ಳು ಹೇಳಬ್ಯಾಡ್ರಿ ಅಂತ."

"ಬಸ್ಸು ಕೆಟ್ಟಿತ್ತಪ್ಪ. ಕಾದೆ, ಆಮೇಲೆ ನಡೆದುಕೊಂಡು..." ನೀವು ತಿರುಗಿ ನನ್ನನ್ನು ಹುಡುಕಿದಿರಿ. "ಡ್ರೈವರ್ ಇಲ್ಲೇ ಇದ್ದಾರೆ. ಹೇಳಿ ಡ್ರೈವರೆ, ನೀವೇ ಹೇಳಿ."

ಗ್ಯಾಸಿನ ಬಸ್ಸಿಗೆ ಯಾವ ಟೈಮೂ ಇಲ್ಲದ ಕಾಲ ಅದು. ಅದು ಎಷ್ಟು ಹೊತ್ತಿಗೆ ಬರಬೇಕಿತ್ತು, ಎಷ್ಟು ಹೊತ್ತಿಗೆ ಬಂತು ಎಂದು ಆ ಊರಿನಲ್ಲಿ ಯಾರೂ ಹೇಳುವ ಹಾಗಿರಲಿಲ್ಲ. ಹೇಳಬಲ್ಲವರು ದೂರ ರಸ್ತೆಯಲ್ಲಿ ಬಸ್ಸಿನೊಳಗೆ ಕೂತಿದ್ದರು. ಕೇರಿಯವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಅವತ್ತು ನಿಮ್ಮ ಮೇಜಿನ ಮುಂದೆ ನನ್ನ ಹೆಂಡತಿಯ ಬಾಯಿಯನ್ನು ಎಲ್ಲರೂ ನೋಡಿದ ಹಾಗೆ.

ನಾನು ಹೇಳಿದೆ: "ಬಸ್ಸಿಗೆ ಏನೂ ಆಗಿರಲಿಲ್ಲ."

ಅದು ನಿಜವಾದ ಮಾತು. ಆ ದಿನ ನಾನಾಡಿದ ಒಂದೇ ಒಂದು ನಿಜ ಅದು. ಅದನ್ನು ಕತ್ತಿಯ ಹಾಗೆ ಹಿಡಿದು ಆಡಿದೆ. "ಅಮ್ಮಾರೇ ತಡ ಮಾಡಿದ್ರು" ಎಂದು ಅದಕ್ಕೊಂದು ಬಾಲವನ್ನೂ ಸೇರಿಸಿದೆ.

ಮುಂದಿನದು ನಿಮಗೇ ಗೊತ್ತು. ಹನುಮಂತಪ್ಪ ನಿಮ್ಮ ಚೀಲ ಕಿತ್ತು ಕಲ್ಲಿನ ಮೇಲೆ ಎಸೆದ, ಸೀಸೆಗಳು ಒಡೆದವು. ಹೆಂಗಸರು ಮಣ್ಣು ತೂರಿದರು. "ಥೂ, ನಿನ್ನ ಹೊಟ್ಟೆಯಾಗೆ ಹುಳ ಬೀಳ" ಎಂದು ಯಾರೋ ಶಾಪ ಹಾಕಿದರು. ಬಿಳಿ ಸೀರೆ ತುಂಬ ಮಣ್ಣು. ನೀವು ನನ್ನ ಮುಂದೆ ಹಾದು ಹೋಗುವಾಗ ನಿಂತು, ಮೆಲ್ಲಗೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳುವವರ ಹಾಗೆ ಕೇಳಿದಿರಿ:

"ಯಾಕಪ್ಪ?"

ಅದರ ಉತ್ತರ ಇಷ್ಟು ವರ್ಷ ತಡವಾಗಿ, ಮೇಲೆ ಬರೆದಿದ್ದೇನೆ. ನೀವು ನನ್ನ ಬಸ್ಸು ಹತ್ತದೆ ನಡೆದೇ ಹೋದಿರಿ.

ಪಶ್ಚಾತ್ತಾಪ ಆಗ ಆಗಲಿಲ್ಲ. ಆಯಿತು ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ನ್ಯಾಮತಿ ಮುಟ್ಟುವ ತನಕ ಎದೆಯಲ್ಲಿ ಡೊಳ್ಳು ಬಾರಿಸಿದ ಹಾಗಿತ್ತು. ಅವತ್ತು ಗಡದ್ದಾಗಿ ಉಂಡೆ, ಒಳ್ಳೆ ನಿದ್ದೆ ಬಂತು. ಗೌರೀ, ತೀರಿಸಿದೆ ಕಣೇ, ಅಂದುಕೊಂಡೆ. ಊರಿನವರು ಅರ್ಜಿ ಹಾಕಿದರು, ನಿಮ್ಮನ್ನು ಎತ್ತಿ ಹಾಕಿದರು. ಆ ಸುದ್ದಿ ಕೇಳಿದ ದಿನವೂ ಸಂತೋಷವೇ ಆಯಿತು. ಸಾಕಮ್ಮನ ನೆನಪು ಬಂದರೆ ಅದನ್ನು ನಿಮ್ಮ ಹೆಗಲಿಗೇ ಹೊರಿಸಿ ಮುಂದೆ ಹೋಗುತ್ತಿದ್ದೆ — ನೀವು ಗೌರಿಯನ್ನು ಕೊಲ್ಲದಿದ್ದರೆ ನಾನು ಈ ಕೆಲಸ ಮಾಡುತ್ತಿದ್ದೆನೇ? ಹೀಗೆ.

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಪ್ಲಾಂಟುಗಳನ್ನು ಬಿಚ್ಚಿ ಗುಜರಿಗೆ ಹಾಕಿ ಮತ್ತೆ ಪೆಟ್ರೋಲು ತುಂಬಿದೆವು. ಈ ಮಳೆಗಾಲಕ್ಕೆ ಮುಂಚೆ ಒಂದು ದಿನ ಅದೇ ದಾರಿಯಲ್ಲಿ, ಗೋವಿನಕೋವಿಯ ಹತ್ತಿರ, ಒಬ್ಬ ಬಸುರಿಯನ್ನು ಹತ್ತಿಸಿದರು. ಚಿಕ್ಕ ವಯಸ್ಸು. ಸೀಟಿನ ಕಂಬಿ ಹಿಡಿದು, ತುಟಿ ಕಚ್ಚಿ ಕೂತಿದ್ದಳು. ಜೊತೆಗೆ ಅವಳ ಅತ್ತೆ. ದಾವಣಗೆರೆಗೆ ಹೋಗುತ್ತೇವೆ ಅಂದಳು. ದಾವಣಗೆರೆಗೆ ಹೊನ್ನಾಳಿಯಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು, ಅಷ್ಟು ದೂರ ಆ ಹುಡುಗಿ ತಡೆಯುವಂತಿರಲಿಲ್ಲ.

"ಅಷ್ಟು ದೂರ ಯಾಕಮ್ಮ? ದಾರಿಯಾಗೇ ಡಿಸ್ಪೆನ್ಸರಿ ಐತಲ್ಲ" ಅಂದೆ.

"ಅಯ್ಯೋ, ಅಲ್ಲಿಗೆ ಬ್ಯಾಡ್ರಪ್ಪ! ಅಲ್ಲಿಯ ನರ್ಸು ಬೇಕಂತಲೇ ತಡ ಮಾಡಿ ನಮ್ಮೂರ ಸಾಕಮ್ಮನ್ನ ಕೊಂದ್ಲು. ಅವತ್ತಿನಿಂದ ನಮ್ಮೂರ ಹೆಂಗಸರು ಯಾರೂ ಆ ಹೊಸ್ತಿಲು ತುಳಿಯಲ್ಲ. ಆಮ್ಯಾಲೆ ಎಷ್ಟು ಜನ ಮನೆಯಾಗೇ ಹೋದ್ರು, ಆದ್ರೂ ಅಲ್ಲಿಗೆ ಹೋಗಲ್ಲ."

"ಬೇಕಂತಲೇ ಮಾಡಿದ್ರು ಅಂತ ಯಾರು ಹೇಳಿದ್ರು?"

"ಯಾರು ಅಂದ್ರೆ? ಬಸ್ಸಿನ ಡ್ರೈವರೇ ಹೇಳಿದ್ನಂತೆ. ಅವನೇನು ಸುಳ್ಳು ಹೇಳ್ತಾನಾ? ಅವನಿಗೇನು ಬಂದಿತ್ತು?"

ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ.

ನಾನು ನಿಮ್ಮೊಬ್ಬರನ್ನೇ ಹೊಡೆದೆ ಅಂದುಕೊಂಡಿದ್ದೆ. ಒಂದು ಊರಿನ ಹೆಂಗಸರಿಗೆಲ್ಲ ಬಾಗಿಲು ಹಾಕಿದ್ದೆ. ನೀವು ಗೌರಿಗೆ ಒಂದು ಮಾತಿನಿಂದ ಹಾಕಿದ ಬಾಗಿಲನ್ನೇ ನಾನು ಒಂದು ಮಾತಿನಿಂದ ಅವರಿಗೆಲ್ಲ ಹಾಕಿದ್ದೆ.

ಯಾರನ್ನೂ ಕೇಳದೆ ಬಸ್ಸನ್ನು ಡಿಸ್ಪೆನ್ಸರಿಯ ಅಂಗಳಕ್ಕೇ ತಿರುಗಿಸಿದೆ. ಮುದುಕಿ ಬೈದಳು. ಈಗಿನ ನರ್ಸು ಹೊರಗೆ ಬಂದು, ತಾನೇ ಬಸ್ಸು ಹತ್ತಿ, ಆ ಹುಡುಗಿಯ ಪಕ್ಕ ಕೂತಳು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಬಾಯಾರಿಕೆ ಐತೇನವ್ವ?" ಅಂದಳು. ಹುಡುಗಿ ಅಳುವುದಕ್ಕೆ ಶುರು ಮಾಡಿದಳು. "ಅಳು, ಅಳು. ಅತ್ತು ಆದ ಮ್ಯಾಲೆ ಇಳಿಯೋಣ. ಬಸ್ಸು ಎಲ್ಲೂ ಓಡಲ್ಲ" ಎಂದು ನನ್ನ ಕಡೆ ನೋಡಿ ನಕ್ಕಳು. ನೀರು ಕುಡಿಸಿ, ಸೊಂಟಕ್ಕೆ ಕೈ ಕೊಟ್ಟು ಇಳಿಸಿಕೊಂಡು ಹೋದಳು. ಮುದುಕಿ ಬೈಗುಳ ನಿಲ್ಲಿಸಿ ಹಿಂದೆಯೇ ಹೋದಳು. ತಾಯಿ ಮಗು ಎರಡೂ ಉಳಿದವು ಎಂದು ಮರುದಿನ ತಿಳಿಯಿತು.

ಬಾಯಾರಿಕೆ ಐತೇನವ್ವ. ಇಷ್ಟು ಮಾತು, ಅಮ್ಮಾರೆ. ನೀವು ಗೌರಿಗೆ ಅದನ್ನು ಆಡಲಿಲ್ಲ. ನಾನೂ ಆಡಲಿಲ್ಲ. ಮಾನದ ಮಾತಾಡಿದೆ.

ಮಾರನೇ ವಾರ ರಜೆ ಹಾಕಿ ಗೋವಿನಕೋವಿಗೆ ಹೋದೆ. ಹನುಮಂತಪ್ಪ ಹಿತ್ತಲಲ್ಲಿ ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ಮತ್ತೆ ಮದುವೆ ಆಗಿಲ್ಲ. ನಿಂತೇ ಎಲ್ಲ ಹೇಳಿದೆ, ನಿಮಗೆ ಇಲ್ಲಿ ಬರೆದ ಹಾಗೆಯೇ. ಗೌರಿಯದನ್ನು ಕೊನೆಗೆ ಹೇಳಿದೆ, ಅದು ಮೊದಲು ಬಂದರೆ ನೆಪದ ಹಾಗೆ ಕೇಳುತ್ತದೆ ಎಂದು. ಅವನು ಹಗ್ಗ ಕೆಳಗಿಟ್ಟ. ಎದ್ದು ಬಂದು ನನ್ನ ಅಂಗಿಯ ಕೊರಳು ಹಿಡಿದ. ಹೊಡೆಯಲಿ ಎಂದು ಕೈ ಕೆಳಗೆ ಬಿಟ್ಟು ನಿಂತೆ. ಅವನು ಹೊಡೆಯಲಿಲ್ಲ.

"ಆಯಮ್ಮನ ಚೀಲ ಒಡೆದವನು ನಾನು" ಅಂದ. "ಅವಳು ನನ್ನ ಹ್ಯಾಣ್ತಿ ಹೆಸರು ಹಿಡಿದು ಕೂಗ್ತಾ ಇದ್ಲು, ನಾನು ಮಣ್ಣು ಹೊಡೆಸಿದೆ. ಇಷ್ಟು ವರ್ಷ ದಿನಾ ಬೈದೀನಿ. ನನ್ನ ಮಗಳಿಗೂ ಬೈಯೋದು ಕಲಿಸೀನಿ." ಆಮೇಲೆ ಕೊರಳು ಬಿಟ್ಟು, "ಆಯಮ್ಮಗೆ ಹೇಳಿದ್ಯಾ ಇದನ್ನ?" ಎಂದು ಕೇಳಿದ.

"ಇಲ್ಲ. ಎಲ್ಲಿದ್ದಾರೋ ಗೊತ್ತಿಲ್ಲ."

"ಹುಡುಕು. ಕರ್ಕೊಂಡು ಬಾ. ಅವತ್ತು ಸೇರಿದ್ದ ಜನನ್ನೆಲ್ಲ ನಾನು ಸೇರಿಸ್ತೀನಿ. ಅದೇ ಬಾಗಿಲ ಮುಂದೆ ನಿಂತು ಹೇಳು. ಅಲ್ಲಿಗಂಟ ನನ್ನ ಕಣ್ಣಿಗೆ ಬೀಳಬ್ಯಾಡ. ಬಿದ್ರೆ ಈ ಕೈ ಹಿಂಗೇ ಸುಮ್ನಿರಲ್ಲ."

ಆದ್ದರಿಂದ ಬರೆದಿದ್ದೇನೆ, ಅಮ್ಮಾರೆ. ನಿಮ್ಮನ್ನು ಕ್ಷಮೆ ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ. ನಾನು ನಿಮ್ಮನ್ನು ಕ್ಷಮಿಸಿದ್ದೇನೆ ಎಂದೂ ಹೇಳುವುದಿಲ್ಲ. ಆ ಕಂಪೌಂಡರನ ನಗು, ನಾನು ಕೇಳದ ಆ ನಗು, ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದಕ್ಕೂ ಇದಕ್ಕೂ ಲೆಕ್ಕ ಹಾಕಿ ಸರಿ ಮಾಡಿಕೊಳ್ಳೋಣ ಎಂಬ ಮಾತಲ್ಲ ಇದು. ಸಾಕಮ್ಮನಿಗೆ ನಮ್ಮಿಬ್ಬರ ಜಗಳ ಗೊತ್ತೇ ಇರಲಿಲ್ಲ.

ನಿಮಗೆ ಇದನ್ನು ಯಾರಾದರೂ ಓದಿ ಹೇಳಿದರೆ, ಇಲ್ಲವೇ ನಿಮ್ಮ ಕಣ್ಣಿಗೇ ಬಿದ್ದರೆ, ಬನ್ನಿ. ನನ್ನ ಮುಖ ನೋಡಲು ಬೇಡ, ಆ ಊರಿನ ಹೆಂಗಸರಿಗಾಗಿ ಬನ್ನಿ. ಅವರು ನಿಮ್ಮನ್ನು ಕಂಡು, ನನ್ನ ಬಾಯಿಂದ ಕೇಳಿದ ಮೇಲೆಯೇ ಆ ಡಿಸ್ಪೆನ್ಸರಿಯ ಮೆಟ್ಟಿಲು ಹತ್ತುತ್ತಾರೆ. ಬರುವುದಿಲ್ಲ ಅಂದರೆ ಅದೂ ನಿಮ್ಮ ಹಕ್ಕು. ಆಗ ಯಾರ ಅಪ್ಪಣೆಗೂ ಕಾಯದೆ ನಾನೊಬ್ಬನೇ ಹೋಗಿ, ಹನುಮಂತಪ್ಪ ಕೈ ಎತ್ತಿದರೂ ಸರಿ, ಆ ಬಾಗಿಲ ಮುಂದೆ ನಿಂತು ಹೇಳುತ್ತೇನೆ. ಮುಂಗಾರು ಬಿತ್ತನೆ ಮುಗಿದು ಜನ ಮನೆಯಲ್ಲಿರುವ ಹೊತ್ತಿಗೆ ಹೋಗುವುದೆಂದು ಮಾಡಿದ್ದೇನೆ. ಆ ಊರಿನಲ್ಲಿ ಈಗ ಇನ್ನೂ ಮೂವರು ಬಸುರಿಯರು ಇದ್ದಾರಂತೆ.